ಕಾರಭಾರಿ ಯಂತ್ರ ತಾರೀಖು ಇಡಲಿ, ಆದರೆ ನೋಡುವುದಕ್ಕೆ ಮಾತ್ರ

ಒಕ್ಕಲುತನದಲ್ಲಿ ಸಲಹೆಗೆ ಈಗ ಬರವಿಲ್ಲ. ಸಲಹೆ ಕೊಟ್ಟವರು ಮರಳಿ ಬಂದು "ಮುಂದೆ ಏನಾಯಿತು?" ಎಂದು ಕೇಳುವುದೇ ಅಪರೂಪವಾಗಿದೆ. ಎಮ್ಮೆಗೆ ಕೃತಕ ಗರ್ಭಧಾರಣೆ ಮಾಡಿಸಿದವರೆಲ್ಲ ಇದನ್ನು ಬಲ್ಲರು. ಡಾಕ್ಟರರು ಬಂದು ಹೋಗುತ್ತಾರೆ. ಗರ್ಭ ಕಟ್ಟದಿದ್ದರೆ ಸುಮಾರು 21 ದಿನಕ್ಕೆ ಎಮ್ಮೆ ಮತ್ತೆ ಬೆದೆಗೆ ಬರಬೇಕು. ಆಕಳಾದರೆ ಕೂಗಿ ತಿಳಿಸೀತು. ಎಮ್ಮೆಯದು ಬಹಳ ಸಲ ಮೂಕಬೆದೆ, ರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಬಂದು ಹೋದದ್ದೇ ತಿಳಿಯುವುದಿಲ್ಲ. ಆದಕಾರಣ 18ನೆಯ ದಿನದಿಂದ 24ನೆಯ ದಿನದವರೆಗೆ ಎರಡೂ ಹೊತ್ತು ಕಣ್ಣಿಟ್ಟು ನೋಡಬೇಕು. ಅದೇ ವಾರ ಮನೆಯಲ್ಲಿ ರಾಶಿ ಬಂದರೆ, ಮದುವೆ ಬಂದರೆ, ನೋಡುವವರಾರು? ಒಂದು ಸಲ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಹಾಲು ಅಷ್ಟು ಹಿಂದೆ ಸರಿಯಿತು. ಮೇವಿನ ಖರ್ಚು ಮಾತ್ರ ನಿಲ್ಲದು.

ಈ ಕೊರತೆಯನ್ನು ತುಂಬಬಲ್ಲ ಹೊಸ ಸಾಧನವೊಂದು ಬಂದಿದೆ. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಕೃತಕ ಬುದ್ಧಿಯ ಯಂತ್ರಗಳನ್ನು ನಮ್ಮ ತರುಣರು ಮೊಬೈಲಿನಲ್ಲಿ ಬಳಸುವುದನ್ನು ಓದುಗರು ಕಂಡೇ ಇದ್ದಾರೆ. ಇವುಗಳಲ್ಲಿ ಉತ್ತರ ಹೇಳಿ ಸುಮ್ಮನಾಗದೆ, ಒಪ್ಪಿಸಿದ ಕೆಲಸವನ್ನು ನಡೆಸಿಕೊಡುವಂಥವಕ್ಕೆ ಏಜೆಂಟ್ ಎಂದು ಹೆಸರು. ನಾವು ಕಾರಭಾರಿ ಎನ್ನೋಣ. ಈ ಕಾರಭಾರಿಗೆ ಮುಂದಿನ ಕೆಲಸದ ತಾರೀಖನ್ನು ತಾನೇ ಗೊತ್ತುಮಾಡಿಕೊಳ್ಳುವ ಸೌಕರ್ಯವನ್ನು ಈಗ ಒದಗಿಸುತ್ತಿದ್ದಾರೆ. ಓಪನ್‌ಎಐ ಸಂಸ್ಥೆಯು 2025ರ ಜನವರಿಯಲ್ಲಿ ತನ್ನ ಚಾಟ್‌ಜಿಪಿಟಿಯಲ್ಲಿ, ಹಣ ಕೊಡುವ ಗಿರಾಕಿಗಳಿಗೆ, ಹೇಳಿದ ಹೊತ್ತಿಗೆ ಕೆಲಸ ಮಾಡುವ ಏರ್ಪಾಡನ್ನು ತೆರೆಯಿತು. ವಿದ್ಯೆಯೇನೋ ಹಳೆಯದು. ಯೂನಿಕ್ಸ್ ಕಂಪ್ಯೂಟರುಗಳಲ್ಲಿ 'ಕ್ರಾನ್' ಎಂಬುದು 1970ರ ದಶಕದಿಂದಲೂ ಇದೇ ಚಾಕರಿ ಮಾಡುತ್ತಿದೆ. ಆದರೆ ಅದಕ್ಕೆ ಹೊತ್ತು, ಕೆಲಸ ಎರಡನ್ನೂ ಸಾಮಾನ್ಯವಾಗಿ ತಿಳಿದವನೊಬ್ಬ ಬರೆದುಕೊಡಬೇಕಾಗಿತ್ತು. ಈಗ ನಾವು ಮಾತಿನಲ್ಲಿ ಹೇಳಿದ್ದನ್ನು ಕೇಳಿ ಯಂತ್ರವೇ ಬರೆದುಕೊಳ್ಳುತ್ತದೆ.

ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಇದರ ಒಳಗುಟ್ಟನ್ನು ತಿಳಿಯದೆ ನಂಬಿ ಕೂಡಬಾರದು. ತಾರೀಖು ಇಟ್ಟ ಮೇಲೆ ಕಾರಭಾರಿ ಎಚ್ಚರವಾಗಿ ಕುಳಿತಿರುವುದಿಲ್ಲ. ಒಂದು ಚೀಟಿ ಬರೆದಿಟ್ಟು ಮಲಗಿಬಿಡುತ್ತದೆ. ಹೊತ್ತು ಬಂದಾಗ ಗಡಿಯಾರ ಅದನ್ನು ಎಬ್ಬಿಸಿ ಚೀಟಿಯನ್ನು ಕೈಗೆ ಕೊಡುತ್ತದೆ. ಚೀಟಿಯಲ್ಲಿ ಬರೆಯದೆ ಬಿಟ್ಟದ್ದು ಆಗ ಅದಕ್ಕೆ ನೆನಪಿರದೆ ಹೋಗಬಹುದು. 'ಎಮ್ಮೆಯನ್ನು ವಿಚಾರಿಸು' ಎಂದಷ್ಟೇ ಬರೆದಿದ್ದರೆ ಏನು ಉಪಯೋಗ? ಯಾವ ಎಮ್ಮೆ, ಯಾವ ದಿನ ಗರ್ಭಧಾರಣೆ ಆಯಿತು, ಬೆದೆಯ ಯಾವ ಗುರುತು ಕೇಳಬೇಕು, ಕಂಡರೆ ಯಾರಿಗೆ ಹೇಳಬೇಕು, ಕಾಣದಿದ್ದರೆ ಎರಡು ಮೂರು ತಿಂಗಳಿಗೆ ಗರ್ಭದ ತಪಾಸಣೆ ಯಾವಾಗ, ಇವೆಲ್ಲ ಚೀಟಿಯಲ್ಲಿರಬೇಕು. ಗಂಟೆಯ ವಿಷಯವೂ ಹಾಗೆಯೇ. ಅನೇಕ ಕಂಪ್ಯೂಟರುಗಳು ಹೊತ್ತನ್ನು ಗ್ರೀನ್‌ವಿಚ್ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತವೆ. ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಭಾರತದ ವೇಳೆ ಎಂದು ಸ್ಪಷ್ಟಪಡಿಸದಿದ್ದರೆ ಬೆಳಗಿನ 6ಕ್ಕೆ ಬರಬೇಕಾದ ಎಚ್ಚರಿಕೆ ಹನ್ನೊಂದೂವರೆಗೆ ಬಂದೀತು. ಅಷ್ಟರಲ್ಲಿ ಎಮ್ಮೆ ಅಡವಿಯಲ್ಲಿರುತ್ತದೆ.

ನಮ್ಮ ಮುಖ್ಯ ತಕರಾರು ಬೇರೆಯೇ ಇದೆ. ಕಾರಭಾರಿ ನೋಡುವುದಕ್ಕೆ, ಕೇಳುವುದಕ್ಕೆ ತಾರೀಖು ಇಡಲಿ. ಮಾಡುವುದಕ್ಕೆ ಇಡುವುದು ಬೇಡ. ತೊಗರಿಗೆ ಕಾಯಿಕೊರಕ ಬಿದ್ದು ಒಮ್ಮೆ ಔಷಧ ಹೊಡೆದಿದ್ದೀರಿ ಎನ್ನಿ. '15 ದಿನಕ್ಕೆ ಮತ್ತೆ ಹೊಡೆ' ಎಂಬ ಚೀಟಿ ಅಪಾಯದ್ದು. ಅದು ದಿನವನ್ನು ಎಣಿಸುತ್ತದೆ, ಹುಳುವನ್ನಲ್ಲ. 'ಗಿಡ ಅಲುಗಿಸಿ, ಕೆಳಗೆ ಹಾಸಿದ ಅರಿವೆಯ ಮೇಲೆ ಎಷ್ಟು ಹುಳು ಬಿದ್ದವು ಹೇಳಿ' ಎಂದು ಕೇಳುವ ಚೀಟಿ ಬೇಕು. ಔಷಧಕ್ಕೆ ತಾನೇ ಆರ್ಡರು ಕೊಡುವ ಕಾರಭಾರಿಯಂತೂ ಅಂಗಡಿಗೆ ಲಾಭ, ನಮಗೆ ಸಾಲ.

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ನಮ್ಮ ರೈತರಿಗೆ ಇ-ಪೀಕ್ ಪಾಹಣಿಯ ತೊಂದರೆ ಗೊತ್ತಿದೆ. ಮಹಾರಾಷ್ಟ್ರದಲ್ಲಿ 2021ರ ಆಗಸ್ಟಿನಿಂದ ಹೊಲದ ಬೆಳೆಯನ್ನು ರೈತನೇ ಮೊಬೈಲಿನಲ್ಲಿ ಫೋಟೋ ಸಹಿತ ದಾಖಲು ಮಾಡಬೇಕಾಗಿದೆ. ಅದು ಸಾತ್ ಬಾರಾ ಉತಾರಕ್ಕೆ ಏರುತ್ತದೆ. ಕೊನೆಯ ದಿನ ಮುಂದೆ ಹೋಗುವುದೂ ಉಂಟು. ಆದ್ದರಿಂದ ಕಾರಭಾರಿ ಹಳೆಯ ತಾರೀಖನ್ನೇ ಒಪ್ಪಿಸದೆ, ಸರಕಾರದ ಪ್ರಕಟಣೆಯನ್ನು ಹೊಸದಾಗಿ ನೋಡಿ ಹೇಳಬೇಕು. ದಾಖಲೆಯನ್ನು ಮಾತ್ರ ಹೊಲದಲ್ಲಿ ನಿಂತವನೇ ಮಾಡಲಿ.

ಇನ್ನು ಭಾಷೆ. ಹವಾಮಾನ ಇಲಾಖೆಯ ಕೃಷಿ ಸಲಹಾಪತ್ರ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ಇಲ್ಲಿಯ ಜಿಲ್ಲೆಗಳಿಗೆ ಮರಾಠಿಯಲ್ಲಿ. ಮರಾಠಿಗೆ ನಮ್ಮ ವಿರೋಧವಿಲ್ಲ, ಸಂತೆ-ಕಚೇರಿಯಲ್ಲಿ ಅದರಿಂದಲೇ ಬದುಕಿದ್ದೇವೆ. ಆದರೆ ಅನೇಕ ಮನೆಗಳಲ್ಲಿ ಎಮ್ಮೆ ಕಟ್ಟುವವಳು ತಾಯಿ, ಆಕೆಗೆ ಬರುವುದು ಕನ್ನಡವೊಂದೇ. ಮೊಬೈಲು ಪುಣೆಗೆ ಹೋದ ಮಗನ ಕಿಸೆಯಲ್ಲಿ. ವಾರಕ್ಕೆ ಎರಡು ಸಲ ಆ ಪತ್ರವನ್ನು ಓದಿ, ನಮ್ಮ ಮಾತಿನಲ್ಲಿ, ಆಕೆಯ ಕಿವಿಗೆ ಮುಟ್ಟುವಂತೆ ಹೇಳುವ ಚೀಟಿಯೊಂದನ್ನು ಮಕ್ಕಳು ಇಟ್ಟುಕೊಟ್ಟರೆ ಅದೇ ಈ ಯಂತ್ರದ ಸಾರ್ಥಕವಾದ ಉಪಯೋಗ. ಯಂತ್ರದ ಕನ್ನಡ ಇನ್ನೂ ಪುಸ್ತಕದ ಕನ್ನಡವೇ ಎಂಬುದು ನಿಜ. 'ಹದ' ಎಂದರೆ ಏನೆಂದು ಅದಕ್ಕೆ ಬಿಡಿಸಿ ಹೇಳಬೇಕಾಗಬಹುದು.

ಚೀಟಿ ಇಡುವಾಗಲೇ ಅದು ಎಂದು ಮುಗಿಯಬೇಕೆಂಬುದನ್ನೂ ಬರೆಯಿಸಿರಿ. ಇಟ್ಟ ಚೀಟಿಗಳನ್ನೆಲ್ಲ ತಿಂಗಳಿಗೊಮ್ಮೆ ಓದಿ ಹೇಳೆಂದು ಕೇಳಿ, ಬೇಡವಾದವನ್ನು ಅಳಿಸಿರಿ. ಮಾರಿದ ಎಮ್ಮೆಯ ಬೆದೆಯನ್ನು ದಿನಾಲು ವಿಚಾರಿಸುವ ಕಾರಭಾರಿಯ ಬಾಯನ್ನು ಮನೆಯವರು ನಾಲ್ಕನೆಯ ದಿನಕ್ಕೆ ಮುಚ್ಚಿಸುತ್ತಾರೆ. ಅದರೊಡನೆ ಕರುವಿನ ಕಾಲುಬಾಯಿ ಲಸಿಕೆಯ ಚೀಟಿಯೂ ಮುಚ್ಚಿಹೋಗುತ್ತದೆ.