ಹಾರುವ ರಾಕೆಟ್ ಬೇಕೋ, ನಿಲ್ಲುವ ರಾಕೆಟ್ ಬೇಕೋ?



ಕಳೆದ ಸಂಚಿಕೆಯಲ್ಲಿ ನಮ್ಮ ಗೋಡೆ ಪತ್ರಿಕೆಯಲ್ಲಿ ಮಳೆಗಾಲದ ಕವನಗಳೇ ತುಂಬಿದ್ದವು. ಈ ಸಲ ನಾನು ಸ್ವಲ್ಪ ಜಗಳದ ವಿಷಯ ಬರೆಯುತ್ತೇನೆ. ಯಾರಿಗಾದರೂ ಸಿಟ್ಟು ಬಂದರೆ ಮುಂದಿನ ಸಂಚಿಕೆಗೆ ಉತ್ತರ ಬರೆದು ಕೊಡಿ, ಇದೇ ಗೋಡೆಗೆ ಅಂಟಿಸೋಣ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಅಂದಿನಿಂದ ಎಲ್ಲಿ ವಿಜ್ಞಾನ ಪ್ರದರ್ಶನ ಆದರೂ ರಾಕೆಟ್ಟೇ ರಾಕೆಟ್. ಆದರೆ ಎಂಥ ರಾಕೆಟ್? ಥರ್ಮಾಕೋಲಿನದು. ಬಿಳಿ ಬಣ್ಣ, ಮೂರು ಬಣ್ಣದ ಪಟ್ಟಿ, ಕೆಳಗೆ ಬೆಂಕಿಯ ಹಾಗೆ ಕಾಣಲು ಕೆಂಪು ಜಿಲೇಟಿನ್ ಕಾಗದ, ಒಳಗೆ ಒಂದು ಬಲ್ಬು. ಕೆಲವರು ಪೇಟೆಯ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಂಡೇ ಬರುತ್ತಾರೆ. ನಾನು ನೋಡಿದ ಒಂದು ಪ್ರದರ್ಶನದಲ್ಲಿ ಅಂಥದ್ದಕ್ಕೇ ಮೊದಲ ಬಹುಮಾನ ಬಂತು. ಪಕ್ಕದಲ್ಲಿ ಒಬ್ಬ ಹುಡುಗ ಬಾಟಲಿಯ ನೀರು ರಾಕೆಟ್ ತಂದಿದ್ದ. ಅದನ್ನು ಹಾರಿಸಲು ಬಿಡಲಿಲ್ಲ. "ಟೇಬಲ್ ಮ್ಯಾಲೆ ಇಡು, ನೋಡ್ತೀವಿ" ಅಂದರು. ಟೇಬಲ್ ಮೇಲೆ ಇಟ್ಟರೆ ಅದು ಬರೇ ಖಾಲಿ ಬಾಟಲಿ.

ನಮ್ಮ ಶಾಲೆಯಲ್ಲಿಯೂ ಹಾರುವ ರಾಕೆಟ್ ಮಾಡುವ ಹಾಗಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಚಿಕ್ಕ ತರಗತಿಯವರಿಗಾಗಿ ಹೇಳುತ್ತೇನೆ, ಯಾಕೆಂದರೆ ಆ ಕತೆಯಲ್ಲಿ ನಾನೂ ಇದ್ದೇನೆ.

ಎರಡು ವರ್ಷದ ಹಿಂದಿನ ದೀಪಾವಳಿಯ ಮಾರನೇ ದಿನ ನಮ್ಮ ಕಾಕಾನ ಮಗ, ನಾನು ಅಣ್ಣ ಅಂತಲೇ ಕರೆಯುತ್ತೇನೆ, ಪಟಾಕಿಗಳನ್ನು ಬಿಚ್ಚಿ ಮದ್ದು ತೆಗೆದು ಒಂದು ಕಬ್ಬಿಣದ ಪೈಪಿಗೆ ತುಂಬಿದ. ಫೋನಿನಲ್ಲಿ ಅಮೆರಿಕದವರ ದೊಡ್ಡ ರಾಕೆಟ್ ನೋಡಿದ್ದ, ಆಳೆತ್ತರದ್ದು. "ಐವತ್ತು ರೂಪಾಯಿಯೊಳಗ ನಾ ಮಾಡಿ ತೋರಸ್ತೀನಿ" ಅಂದ. ನಾನು ಬ್ಯಾಟರಿ ಹಿಡಿದು ನಿಂತಿದ್ದೆ. ಅದು ಮೇಲಕ್ಕೆ ಹೋಗಲೇ ಇಲ್ಲ, ನಿಂತಲ್ಲಿಯೇ ಒಡೆಯಿತು. ಅಣ್ಣನ ಬಲಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಪೆನ್ನು ಹಿಡಿಯುತ್ತಾನೆ, ಆದರೆ ಭತ್ತ ಕೊಯ್ಯುವಾಗ ಕುಡುಗೋಲು ಎಡಗೈಗೆ ತೆಗೆದುಕೊಳ್ಳುತ್ತಾನೆ. ನಾನು ಆವತ್ತು "ಬ್ಯಾಡೋ ಅಣ್ಣಾ" ಅನ್ನಬಹುದಿತ್ತು. ಅನ್ನಲಿಲ್ಲ. ನನಗೂ ನೋಡುವ ಆಸೆ ಇತ್ತು.

ಅದಾದ ಮೇಲೆ ಶಾಲೆಯಲ್ಲಿ ರಾಕೆಟ್ ಅನ್ನುವ ಮಾತೇ ನಿಂತಿತು. ಹೆಡ್ ಮಾಸ್ತರರು ಹೆದರಿದ್ದು ತಪ್ಪಲ್ಲ. ಆದರೆ ಮದ್ದು ಬೇಡ ಅನ್ನುವುದಕ್ಕೂ ರಾಕೆಟ್ಟೇ ಬೇಡ ಅನ್ನುವುದಕ್ಕೂ ವ್ಯತ್ಯಾಸ ಇದೆ ಎಂದು ನನ್ನ ಅಭಿಪ್ರಾಯ.

ಮೊದಲು ಮದ್ದಿನ ಕಡೆಯ ಗೆಳೆಯರಿಗೆ ಹೇಳುತ್ತೇನೆ. "ಫಾರಿನ್ನಿನ್ಯಾಗ ಮಾಡ್ತಾರಲ್ಲ, ನಮಗ್ಯಾಕ ಬ್ಯಾಡ?" ಎಂದು ನೀವು ಕೇಳುತ್ತೀರಿ. ಅಲ್ಲಿ ಹೇಗೆ ಮಾಡುತ್ತಾರೆ ಎಂದು ನಾನು ನಮ್ಮ ವಿಜ್ಞಾನದ ಸರ್ ಹತ್ತಿರ ಕೂತು ತಿಳಿದುಕೊಂಡೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಆರ್ವಿಲ್ ಕಾರ್ಲೈಲ್ ಎಂಬ ಚಪ್ಪಲಿ-ಬೂಟಿನ ಅಂಗಡಿಯವರು ತಮ್ಮ ಸಹೋದರನ ಜೊತೆ ಸೇರಿ 1954ರ ಸುಮಾರಿಗೆ ಕಾಗದದ ಚಿಕ್ಕ ರಾಕೆಟ್ ಮಾಡಿದರು. 1957ರಲ್ಲಿ ಜಿ. ಹ್ಯಾರಿ ಸ್ಟೈನ್ ಎಂಬವರು, ಮನೆಯಲ್ಲೇ ಮದ್ದು ಮಾಡಲು ಹೋಗಿ ಮಕ್ಕಳು ಗಾಯ ಮಾಡಿಕೊಳ್ಳುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿ ಕಾರ್ಲೈಲ್ ಅವರಿಗೆ ಪತ್ರ ಹಾಕಿದರು. ಆ ಹವ್ಯಾಸ ಬೆಳೆದದ್ದೇ ಹಾಗೆ. ಅಂದರೆ ಅಲ್ಲಿಯೂ ನಮ್ಮ ಅಣ್ಣನಂಥವರು ಬಹಳ ಮಂದಿ ಇದ್ದರು!

ಇವತ್ತು ಅಲ್ಲಿ ದೊಡ್ಡ ರಾಕೆಟ್ ಹಾರಿಸುವವರು ಮೋಟರನ್ನು ಕಾರ್ಖಾನೆಯದೇ ತರುತ್ತಾರೆ. ಮೋಟರುಗಳಿಗೆ ಎ, ಬಿ, ಸಿ ಎಂದು ಅಕ್ಷರ ಇಟ್ಟಿದ್ದಾರೆ. ಅಕ್ಷರ ಒಂದು ಮುಂದೆ ಹೋದರೆ ತಳ್ಳುವ ಶಕ್ತಿಯ ಮಿತಿ ದುಪ್ಪಟ್ಟು. ಜಿ ಅಕ್ಷರ 160 ನ್ಯೂಟನ್-ಸೆಕೆಂಡಿಗೆ ಮುಗಿಯುತ್ತದೆ. ಅದಕ್ಕಿಂತ ಮೇಲಿನ ಎಚ್‌ನಿಂದ ದೊಡ್ಡ ರಾಕೆಟ್ಟಿನ ಲೆಕ್ಕ. ಅದಕ್ಕೆ ಹದಿನೆಂಟು ವರ್ಷ ತುಂಬಿರಬೇಕು, ತಿಳಿದವರ ಎದುರಿಗೆ ಹಾರಿಸಿ ಸರ್ಟಿಫಿಕೇಟ್ ಪಡೆಯಬೇಕು. ದುಡ್ಡು ಉಳಿಸುವುದು ಮದ್ದಿನಲ್ಲಿ ಅಲ್ಲವೇ ಅಲ್ಲ. ಮೈಯನ್ನು ರಟ್ಟಿನ ಕೊಳವೆಯಲ್ಲಿ, ರೆಕ್ಕೆಯನ್ನು ಪ್ಲೈವುಡ್ಡಿನಲ್ಲಿ ಮಾಡಿ, ಪ್ಯಾರಾಶೂಟನ್ನು ಮನೆಯಲ್ಲೇ ಹೊಲಿದು ಉಳಿಸುತ್ತಾರೆ.

ನಮ್ಮ ರಾಜ್ಯದಲ್ಲಿಯೂ ಇಂಥ ಕೆಲಸ ಮಾಡುವವರು ಇದ್ದಾರೆ. ಮಣಿಪಾಲದ ಎಂ.ಐ.ಟಿ.ಯ ವಿದ್ಯಾರ್ಥಿಗಳ ಥ್ರಸ್ಟ್ ಎಂಐಟಿ ಎಂಬ ತಂಡ ಸ್ವಂತ ರಾಕೆಟ್ ಕಟ್ಟಿ, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2024ರವರೆಗೆ ನಡೆದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಸ್ಪರ್ಧೆಗೆ ಹೋಗಿದೆ. ಅವರು ಎಂಜಿನಿಯರಿಂಗ್ ಓದುವವರು, ಹಿಂದೆ ಕಾಲೇಜು ಇದೆ, ಲ್ಯಾಬ್ ಇದೆ. ನಮ್ಮ ಹಿಂದೆ ಇರುವುದು ಸೈಕಲ್ ಪಂಕ್ಚರ್ ಅಂಗಡಿ ಮಾತ್ರ. ಮತ್ತು ನಮ್ಮ ದೇಶದಲ್ಲಿ 1884ರ ಸ್ಫೋಟಕ ಕಾಯಿದೆ ಇದೆ. ಲೈಸೆನ್ಸ್ ಇಲ್ಲದೆ ಮದ್ದು ತಯಾರಿಸುವುದು ಅಪರಾಧ. ಅದೂ ಅಲ್ಲದೆ ನಮ್ಮ ಸುತ್ತ ಇರುವುದು ಕಾಳಿ ಹುಲಿ ಮೀಸಲು ಕಾಡು. ಮಾರ್ಚಿನಲ್ಲಿ ಒಣಗಿದ ತೇಗದ ಎಲೆಯ ಮೇಲೆ ಒಂದು ಕಿಡಿ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಮಂಗಟ್ಟೆ ಹಕ್ಕಿ ಗೂಡಿನಲ್ಲಿ ಮರಿ ಮಾಡುವುದೂ ಅದೇ ಬೇಸಿಗೆಯಲ್ಲಿ.

ಮದ್ದಿನ ರಾಕೆಟ್ ನಮ್ಮ ನಾಡಿಗೆ ಹೊಸದೇನಲ್ಲ, ನಿಜ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ರಾಕೆಟ್ಟುಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದವು. ಹೊಸನಗರ ತಾಲೂಕಿನ ನಗರದಲ್ಲಿ 2018ರಲ್ಲಿ ಒಂದು ಹಳೆಯ ಬಾವಿಯಿಂದ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ ಸಿಕ್ಕವು. ಗೇಣಿಗಿಂತ ಸ್ವಲ್ಪ ಉದ್ದ, ಅಷ್ಟೇ. ಆದರೂ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತಿದ್ದವಂತೆ. ಅದರ ಗುಟ್ಟು ಕಬ್ಬಿಣದ ಕೊಳವೆ. ಕಾಗದ, ಬಿದಿರಿನ ಕೊಳವೆಗಿಂತ ಅದು ಹೆಚ್ಚು ಒತ್ತಡ ತಡೆಯುತ್ತಿತ್ತು. ನೆಟ್ಟಗೆ ಹೋಗಲಿ ಅಂತ ಉದ್ದನೆಯ ಬಿದಿರಿನ ಕೋಲು ಕಟ್ಟುತ್ತಿದ್ದರು. ಆದರೆ ಅದು ಯುದ್ಧದ ಸಾಮಾನು, ಮಾಡಿದವರು ಅದೇ ಕಸುಬಿನವರು. ಅಣ್ಣನೂ ಕಬ್ಬಿಣದ ಪೈಪೇ ತಂದಿದ್ದ. ಒಡೆದಾಗ ಚೂರು ಹಾರಿದ್ದೂ ಕಬ್ಬಿಣದ್ದೇ.

ಈಗ ನನ್ನ ಮುಖ್ಯ ಮಾತು. ರಾಕೆಟ್ಟಿಗೆ ಬೆಂಕಿಯೇ ಬೇಕು ಅಂತ ಇಲ್ಲ. ಹಿಂದಕ್ಕೆ ಏನಾದರೂ ಜೋರಾಗಿ ಎಸೆದರೆ ಮುಂದಕ್ಕೆ ಹೋಗುತ್ತದೆ. ನ್ಯೂಟನ್ನನ ಮೂರನೇ ನಿಯಮವನ್ನು ಹತ್ತು ಸಲ ಬರೆದು ಕಲಿತಿದ್ದೇವೆ, ಒಂದು ಸಲವೂ ನೋಡಿಲ್ಲ. ಈ ಬೇಸಿಗೆ ರಜೆಯಲ್ಲಿ ನಾನು, ಅಣ್ಣ ಮತ್ತು ನಮ್ಮ ಓಣಿಯ ಇಬ್ಬರು ಸೇರಿ ನೋಡಿದೆವು. ಹೌದು, ಅಣ್ಣನೂ ಇದ್ದ. ಅವ್ವ ಮೊದಲು ಬೈದಳು, ನೀರು ಅಂತ ತಿಳಿದ ಮೇಲೆ ತಾನೂ ಬಂದು ನಿಂತಳು.

ಎರಡು ಲೀಟರಿನ ಸೋಡಾ ಬಾಟಲಿ ಗುಜರಿಯವನ ಹತ್ತಿರ ಸಿಕ್ಕಿತು. ಕುಡಿಯುವ ನೀರಿನ ಬಾಟಲಿ ನಡೆಯುವುದಿಲ್ಲ, ಅದು ತೆಳು. ಸೋಡಾದ್ದು ಗ್ಯಾಸಿನ ಒತ್ತಡ ತಡೆಯಲೆಂದೇ ಮಾಡಿದ್ದು. ರಬ್ಬರ್ ಬೂಚಿಗೆ ತೂತು ಮಾಡಿ ಹಳೇ ಟ್ಯೂಬಿನ ವಾಲ್ವ್ ಕೂಡಿಸಿ, ಉದ್ದನೆಯ ಪೈಪು ಹಾಕಿ, ದೂರದಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆವು. ಬೂಚಿಗೆ ಒಂದು ಮೊಳೆಯ ತಡೆ, ಅದನ್ನು ಎಳೆಯಲು ಹತ್ತು ಮೀಟರ್ ಹುರಿ. ಪಂಪಿನ ಮೀಟರಿನಲ್ಲಿ 60 ದಾಟಬಾರದು ಅಂತ ನಿಯಮ. ಬಾಟಲಿಗೆ ಗೀರು ಬಿದ್ದರೆ ಎಸೆಯಬೇಕು. ಒಟ್ಟು ಖರ್ಚು 140 ರೂಪಾಯಿ. ಪಂಪು ಕಡ ತಂದದ್ದು.

ಮೊದಲನೇ ದಿನ ಬಾಟಲಿ ತುಂಬ ನೀರು ಹಾಕಿದೆವು. ಅದು ಮೊಣಕಾಲ ಎತ್ತರ ಹಾರಿ ಬಿತ್ತು. ಆಮೇಲೆ ಬರೇ ಗಾಳಿ ತುಂಬಿದೆವು, ಪುಸ್ ಎಂದು ಹೋಗಿ ಬೇಲಿಯ ಹತ್ತಿರ ಬಿತ್ತು. ಮೂರರಲ್ಲಿ ಒಂದು ಭಾಗ ನೀರು ಹಾಕಿದಾಗ ಮಾತ್ರ ನೋಡಬೇಕಿತ್ತು! ಗಾಳಿ ಒತ್ತುತ್ತದೆ, ಆದರೆ ಅದು ಹಗುರ. ಎಸೆಯಲು ನೀರಿನಂಥ ಭಾರದ ವಸ್ತು ಬೇಕು. ನೀರೇ ತುಂಬಿದರೆ ಒತ್ತುವ ಗಾಳಿಗೆ ಜಾಗ ಇಲ್ಲ. ಎರಡೂ ಬೇಕು. ಇದನ್ನು ಪುಸ್ತಕದಲ್ಲಿ ಓದಿದ್ದರೆ ನನಗೆ ಪರೀಕ್ಷೆ ಮುಗಿದ ದಿನವೇ ಮರೆತುಹೋಗುತ್ತಿತ್ತು.

ಮುಂದಿನ ತೊಂದರೆ ಎಂದರೆ ಅದು ಆಕಾಶದಲ್ಲಿ ಪಲ್ಟಿ ಹೊಡೆದು ಪಕ್ಕದ ಕಾಕಾನ ಗೋವಿನಜೋಳದ ಹೊಲಕ್ಕೆ ಬಿತ್ತು. ಬೈಸಿಕೊಂಡೆವು. ಆಮೇಲೆ ಸರ್ ಹೇಳಿಕೊಟ್ಟರು. ರಾಕೆಟ್ಟಿನ ತೂಕದ ನಡುಬಿಂದು ಮುಂದೆ ಇರಬೇಕು, ಗಾಳಿ ಒತ್ತುವ ನಡುಬಿಂದು ಹಿಂದೆ ಇರಬೇಕು, ಎರಡರ ನಡುವೆ ಬಾಟಲಿಯ ಅಗಲದಷ್ಟಾದರೂ ಅಂತರ ಬೇಕು. ಖಾಲಿ ರಾಕೆಟ್ಟನ್ನು ತೂಕದ ಬಿಂದುವಿಗೆ ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿದರೆ ಮೂಗು ಮುಂದೆ ಹೋಗಬೇಕು. ನಮ್ಮದು ಬಾಲ ಮುಂದೆ ಮಾಡಿ ಹೋಗುತ್ತಿತ್ತು! ಮೂಗಿಗೆ ಒಂದು ಹಿಡಿ ಜೇಡಿಮಣ್ಣು ಒತ್ತಿ, ರಟ್ಟಿನ ರೆಕ್ಕೆ ದೊಡ್ಡದು ಮಾಡಿದೆವು. ಆಗ ಬಾಣದ ಹಾಗೆ ಹೋಯಿತು.

ಎಷ್ಟು ಎತ್ತರ? 30 ಮೀಟರ್ ದೂರ ನಿಂತು ಕೋನಮಾಪಕಕ್ಕೆ ಕಲ್ಲು ತೂಗುಹಾಕಿ ನೋಡಿದಾಗ 50 ಡಿಗ್ರಿ ಬಂತು. ಟ್ಯಾನ್ 50 ಎಂದರೆ 1.19. ಗುಣಿಸಿದರೆ ಹತ್ತಿರಹತ್ತಿರ 36, ನನ್ನ ಕಣ್ಣಿನ ಎತ್ತರ ಸೇರಿ 37 ಮೀಟರ್. ತ್ರಿಕೋನಮಿತಿ ಯಾಕೆ ಕಲೀಬೇಕು ಅಂತ ತರಗತಿಯಲ್ಲಿ ಕೇಳಿದ್ದು ನಾನೇ. ಆ ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಸರ್ ಬೋರ್ಡಿನ ಮೇಲೆ ಲೆಕ್ಕ ಮಾಡಿದರು. ಹೊರಡುವ ಗಳಿಗೆಯಲ್ಲಿ ನಮ್ಮ ಬಾಟಲಿಯ ತಳ್ಳು ಸುಮಾರು 30 ಕಿಲೋ ಎತ್ತುವಷ್ಟು! ಆದರೆ ನೀರು ಖಾಲಿಯಾಗಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಒಟ್ಟು ಲೆಕ್ಕದಲ್ಲಿ ನಮ್ಮದು ಡಿ ಅಕ್ಷರದ ಮೋಟರಿಗೆ ಸಮ. ಎಚ್‌ಗೆ ಹೋಗಲು ಇನ್ನೂ ಹತ್ತು ಪಟ್ಟು ಬೇಕು. ಇದನ್ನು ಕೇಳಿ ಓಣಿಯ ಒಬ್ಬ, "ಹಂಗಾರ 20 ಲೀಟರ್ ನೀರಿನ ಕ್ಯಾನ್ ತರೂಣು" ಅಂದ. ಅದು ಬೇಡವೇ ಬೇಡ. ಬಾಟಲಿಯ ಅಗಲ ಎರಡು ಪಟ್ಟಾದರೆ, ಅದೇ ಒತ್ತಡ ತಡೆಯಲು ಗೋಡೆಯೂ ಎರಡು ಪಟ್ಟು ದಪ್ಪ ಬೇಕು. ಕ್ಯಾನ್ ಒತ್ತಡಕ್ಕೆ ಮಾಡಿದ್ದೇ ಅಲ್ಲ. ಅಣ್ಣ ಏನೂ ಮಾತಾಡದೆ ಅವನ ಮುಂದೆ ಬಲಗೈ ಚಾಚಿದ.

ನಮಗೆ ದೊಡ್ಡ ರಾಕೆಟ್ ಬೇಕೇ ಬೇಕು ಅಂದರೆ ಎತ್ತರದಲ್ಲಿ ದೊಡ್ಡದು ಮಾಡೋಣ. ಒತ್ತಡದ ಬಾಟಲಿ ಒಂದೇ, ಅದರ ಮೇಲೆ ಡ್ರಾಯಿಂಗ್ ಶೀಟಿನ ಹಗುರ ಮೈ, ಒಟ್ಟು ನಾಲ್ಕೂವರೆ ಅಡಿ. ಮೂಗು ಸಡಿಲವಾಗಿ ಕೂತಿದ್ದರೆ ಮೇಲೆ ವೇಗ ಕಡಿಮೆಯಾದಾಗ ಕಳಚಿ ಬೀಳುತ್ತದೆ, ಒಳಗಿಂದ ಛತ್ರಿ ಬಟ್ಟೆಯ ಪ್ಯಾರಾಶೂಟ್ ಹೊರಬರುತ್ತದೆ. ಅಷ್ಟು ಎತ್ತರ ಹೋಗುವುದಿಲ್ಲ, ಭಾರ ಹೆಚ್ಚು. ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ ಕೂತು ಲೆಕ್ಕ ಮಾಡೋಣ. ಬಂಗೂರನಗರದ ಕಾಗದ ಕಾರ್ಖಾನೆಗೆ ಕಟ್ಟಿಗೆಯ ಲಾರಿ ನಮ್ಮ ಊರ ಮುಂದೆಯೇ ಹೋಗುತ್ತದೆ. ಕಾಗದದ ಊರಿನ ಮಕ್ಕಳು ಕಾಗದದ ರಾಕೆಟ್ ಮಾಡದಿದ್ದರೆ ಇನ್ಯಾರು ಮಾಡಬೇಕು?

ಗುರುಗಳಿಗೆ ನನ್ನ ವಿನಂತಿ ಇಷ್ಟೇ. ನೀವು ಬೇಡ ಅಂದರೂ ಹುಡುಗರು ಮಾಡುತ್ತಾರೆ, ಹಿತ್ತಿಲಲ್ಲಿ, ನಿಮಗೆ ಕಾಣದ ಹಾಗೆ. ಅಣ್ಣ ಮಾಡಿದ್ದೂ ಹಿತ್ತಿಲಲ್ಲೇ. ಆಟದ ಮೈದಾನದಲ್ಲಿ ನಿಮ್ಮ ಕಣ್ಣೆದುರಿಗೆ ನೀರಿನಿಂದ ಮಾಡಲು ಬಿಡಿ. ಪ್ರದರ್ಶನಕ್ಕೆ ಹೋಗುವಾಗ ಥರ್ಮಾಕೋಲಿನ ಜೊತೆ ಇದನ್ನೂ ಕಳಿಸಿ, ಮತ್ತು ಟೇಬಲ್ ಮೇಲೆ ಇಡಿಸದೆ ಬಯಲಿಗೆ ಕರೆಯಿರಿ ಅಂತ ಅಲ್ಲಿನವರಿಗೆ ಒಂದು ಮಾತು ಹೇಳಿ.

ಹೆಡ್ ಮಾಸ್ತರರನ್ನು ಕೇಳಿದ್ದೇನೆ. "ನೋಡೂಣು" ಅಂದಿದ್ದಾರೆ. ಅಕ್ಕೋರು ಮಾತ್ರ ತಮ್ಮ ಮನೆಯ ಹರಿದ ಛತ್ರಿ ಆಗಲೇ ತಂದು ಕೊಟ್ಟಿದ್ದಾರೆ. ಮೀಟರ್ ಇರುವ ಪಂಪು ಯಾರ ಮನೆಯಲ್ಲಾದರೂ ಇದ್ದರೆ ಶನಿವಾರದೊಳಗೆ ನನಗೆ ತಿಳಿಸಿ. ಕಡ ತಂದ ಪಂಪನ್ನು ಅದರ ಯಜಮಾನರು ವಾಪಸ್ ಕೇಳುತ್ತಿದ್ದಾರೆ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ