ತಾಯಿತ ಕಾಯಬೇಕು, ಕಟ್ಟಿಹಾಕಬಾರದು

ಪ್ರಾಚೀನ ಈಜಿಪ್ಟಿನ ಗರ್ಭಿಣಿಯರು ತವೆರೆತ್ ಎಂಬ ದೇವಿಯ ಪುಟ್ಟ ಬಿಂಬವನ್ನು ತಾಯಿತವಾಗಿ ಧರಿಸುತ್ತಿದ್ದರು. ನೀರಾನೆಯ ಮೈ, ಸಿಂಹದ ಪಂಜ, ಉಬ್ಬಿದ ಹೊಟ್ಟೆಯ ಈ ದೇವಿ ಹೆರಿಗೆಯ ಹೊತ್ತಿನಲ್ಲಿ ತಾಯಿ-ಮಗುವನ್ನು ಕಾಯುತ್ತಾಳೆಂಬುದು ಅವರ ನಂಬಿಕೆ. ಸಿಂಹಮುಖಿ ಸೆಖ್ಮೆತ್ ಬೇನೆಯನ್ನು ಕಳುಹಿಸುವವಳೂ ಹೌದು, ನೀಗುವವಳೂ ಹೌದು. ಪುಡಿಮಾಡಿದ ಬೆಣಚುಕಲ್ಲನ್ನು ಅಚ್ಚಿಗೊತ್ತಿ, ಸುಟ್ಟು, ನೀಲಿ-ಹಸಿರು ಹೊಳಪು ಬರಿಸಿ ಮಾಡುತ್ತಿದ್ದ ಇಂಥ ತಾಯಿತಗಳು ಸಾಮಾನ್ಯರ ಕೈಗೂ ಎಟುಕುತ್ತಿದ್ದವು. ವೈದ್ಯ ಸೋತಲ್ಲಿ, ಅರಸನ ಆಡಳಿತ ತಲುಪದಲ್ಲಿ, ದೇವಿಯ ಬಿಂಬವೇ ಅವರ ಪಾಲಿನ ವಿಮೆ.

ಕೂಸಿನ ಉಡಿದಾರಕ್ಕೆ ತಾಯಿತ ಕಟ್ಟಿ, ಸಿಡುಬು ಬಂದರೆ 'ಅಮ್ಮ ಬಂದಳು' ಎನ್ನುತ್ತಿದ್ದ ನಮ್ಮವರಿಗೆ ಇದೇನೂ ವಿಚಿತ್ರವಾಗಿ ಕಾಣದು. ಅಂಥ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಇಂದು ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸರ್ಕಾರಿ ಸೇವೆಯ ಆರಂಭದ ವರ್ಷಗಳನ್ನು ಕಳೆದ ನನಗೆ, ತಾಯಿತವೆಂದೊಡನೆ ನೆನಪಾಗುವುದು ಬೇರೊಂದು ಸರ. ಕೆಂಪು-ಬಿಳಿ ಮಣಿಗಳನ್ನು ಪೋಣಿಸಿದ ಅದನ್ನು ಅಲ್ಲಿನವರು 'ಮುತ್ತು' ಎನ್ನುತ್ತಾರೆ. ಕೆಲವು ಸರಗಳಲ್ಲಿ ದೇವಿಯ ಮುಖವನ್ನೊತ್ತಿದ ಬೆಳ್ಳಿಯ ಬಿಲ್ಲೆಯೂ ಇರುತ್ತದೆ. ಅದನ್ನು ಕಟ್ಟಿಸಿಕೊಂಡ ಹುಡುಗಿ ದೇವದಾಸಿ.

ಈಜಿಪ್ಟಿನ ತಾಯಿತಕ್ಕೂ ಈ ಮುತ್ತಿಗೂ ಇರುವ ಅಂತರ ಇಲ್ಲಿಯೇ ಇದೆ. ಅಲ್ಲಿ ತಾಯಿತ ಧರಿಸಿದವಳ ಸ್ವತ್ತು. ಇಲ್ಲಿ ಧರಿಸಿದವಳೇ ತಾಯಿತದ ಸ್ವತ್ತು. ಮುತ್ತು ಕಾಯುವುದು ಅವಳನ್ನಲ್ಲ, ಅವಳ ಮನೆಯವರನ್ನು. ಮಗುವಿನ ತಲೆಯಲ್ಲಿ ಜಡೆಗಟ್ಟಿದರೆ ಅದು ದೇವಿಯ ಕರೆ ಎನ್ನುತ್ತಾರೆ. ಚರ್ಮರೋಗ ವಾಸಿಯಾಗದಿದ್ದರೆ ಹರಕೆ ಹೊರುತ್ತಾರೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು 'ಬಸವಿ' ಬಿಟ್ಟರೆ ಅವಳು ತವರಿನಲ್ಲೇ ಉಳಿದು ಮಗನ ಸ್ಥಾನದಲ್ಲಿ ತಂದೆತಾಯಿಯನ್ನು ಸಾಕಬೇಕು. ಬಸವಿಯರಿಗೆ ಪುರುಷರ ಹಕ್ಕುಗಳು ದೊರೆಯುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ದಾಖಲಿಸಿದ್ದರು. ಮಗನ ಹಕ್ಕಿಗೆ ಅರ್ಥ ಬರುವುದು ಆಸ್ತಿಯಿದ್ದರೆ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ಭೂಮಿಯಿಲ್ಲದ ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಅವರಿಗೆ ಬಂದದ್ದು ಮಗನ ಹೊಣೆ ಮಾತ್ರ. ಅದನ್ನು ನಿಭಾಯಿಸುವ ದಾರಿ ಯಾವುದೆಂಬುದು ಊರಿನ ಉಳ್ಳವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಸೀಮೆಗೆ ಕಾನೂನಿನ ಕೊರತೆಯಿರಲಿಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಇದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಹೀಗಾಗಿ ಮದ್ರಾಸ್ ಸರ್ಕಾರದ 1947ರ ನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ನಂತರ ಕರ್ನಾಟಕದ 1982ರ ಕಾಯ್ದೆ ಬಂತು. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ, ಹೆತ್ತವರು ಅಥವಾ ಬಂಧುಗಳೇ ಆಗಿದ್ದರೆ ಐದು ವರ್ಷದವರೆಗೆ ಸೆರೆವಾಸವನ್ನು ಅದು ವಿಧಿಸಿತು. ಆದರೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ದೇವದಾಸಿಯರ ಸಂಖ್ಯೆ 46,660.

ಮೊದಲ ಸಮೀಕ್ಷೆಯ ಕಾಲದಲ್ಲಿ ಹರಪನಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳಿಗೆ, ಮುತ್ತನ್ನು ತೆಗೆದುಬಿಡಬಾರದೇ ಎಂದು ಯುವ ಅಧಿಕಾರಿಯ ಹುಮ್ಮಸ್ಸಿನಲ್ಲಿ ಕೇಳಿದ್ದೆ. 'ಈಗ ಬಿಚ್ಚಿ ಕೊಡ್ತೀನ್ರಿ ಸಾಹೇಬ್ರ, ನಾಳಿಂದ ನಮ್ಮವ್ವನ್ನ ಸಾಕೋರು ಯಾರು?' ಎಂದಳು. ಅರ್ಥಶಾಸ್ತ್ರ ಓದಿಕೊಂಡಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಆ ಪ್ರಶ್ನೆಗೆ ಅಂಕಣವೂ ಇರಲಿಲ್ಲ.

ಆಡಳಿತ ಮಾಡಿದ ತಪ್ಪು, ಅದರಲ್ಲಿ ನನ್ನ ಪಾಲೂ ಸೇರಿದಂತೆ, ಇದೇ. ನಾವು ಮಣಿಸರವನ್ನು ಕಂಡೆವು, ಅದು ಮುಚ್ಚಿದ್ದ ಕೊರತೆಯನ್ನು ಕಾಣಲಿಲ್ಲ. ಭರತ ಹುಣ್ಣಿಮೆ ಬಂತೆಂದರೆ ಉಚ್ಚಂಗಿದುರ್ಗದ ಬೆಟ್ಟದಲ್ಲಿ ಪೊಲೀಸರೂ ಅಧಿಕಾರಿಗಳೂ ಕಾವಲು ನಿಲ್ಲುತ್ತಾರೆ. ಆ ಕಾವಲು ಬೇಕು. ಆದರೆ ಬೆಟ್ಟದ ಮೇಲೆ ನಡೆಯುತ್ತಿದ್ದುದು ಮನೆಯೊಳಗೆ, ಸದ್ದಿಲ್ಲದೆ ನಡೆಯತೊಡಗಿದಾಗ ಒಂದು ದಿನದ ಕಾವಲು ಯಾರನ್ನು ಹಿಡಿದೀತು?

2025ರಲ್ಲಿ ರಾಜ್ಯದ ಶಾಸನಸಭೆ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ನಿಷೇಧದ ಜೊತೆಗೆ ಪರಿಹಾರ ಮತ್ತು ಪುನರ್ವಸತಿಯನ್ನೂ ಅದು ಹೆಸರಿನಲ್ಲೇ ಸೇರಿಸಿಕೊಂಡಿದೆ. ದೇವದಾಸಿಯರ ಮಕ್ಕಳು ತಂದೆ ಯಾರೆಂಬುದನ್ನು ಕಾನೂನಿನ ಮೂಲಕ ಸ್ಥಾಪಿಸಿಕೊಳ್ಳುವ ಹಕ್ಕನ್ನು ಒಪ್ಪಿದೆ. ಶಾಲಾ ಅರ್ಜಿಯ 'ತಂದೆಯ ಹೆಸರು' ಎಂಬ ಸಾಲಿನೆದುರು ತಲೆತಗ್ಗಿಸಿದ ಮಕ್ಕಳನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ತಂದೆತನಕ್ಕೆ ಉತ್ತರದಾಯಿತ್ವ ಬಂದರೆ ಉಳ್ಳವರ ಲೆಕ್ಕಾಚಾರವೂ ಬದಲಾದೀತು.

ಆದರೆ ಮುತ್ತು ಕೊಡುತ್ತಿದ್ದ ಭರವಸೆಗಳಿಗೆ ಒಂದೊಂದಾಗಿ ಬದಲಿ ಒದಗಿಸದಿದ್ದರೆ ಈ ಕಾನೂನಿನ ಗತಿಯೂ ಹಳೆಯವುಗಳದ್ದೇ. ಜಡೆಯೂ ಚರ್ಮರೋಗವೂ ಹರಕೆಯಾಗುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕು. ಆಶಾ ಕಾರ್ಯಕರ್ತೆಯ ಕಣ್ಣು ಅಲ್ಲಿಗೆ ಮೊದಲು ಬೀಳಬೇಕು. ಏಳನೆಯ ತರಗತಿ ದಾಟಿದ ಹುಡುಗಿಗೆ ಹಾಸ್ಟೆಲ್ ಸೀಟು ಖಾತರಿಯಾಗಬೇಕು, ಏಕೆಂದರೆ ಅಪಾಯದ ವಯಸ್ಸು ಅದೇ. ಎಣಿಕೆ ಒಮ್ಮೆ ಮುಗಿದುಹೋಗುವ ಕೆಲಸವಾಗಬಾರದು. ಪಟ್ಟಿ ಮುಚ್ಚಿದ ಮೇಲೆ ಮುತ್ತು ಕಟ್ಟಿಸಿಕೊಂಡವಳು ಸರ್ಕಾರದ ಕಣ್ಣಿಗೆ ಇಲ್ಲವೇ ಇಲ್ಲ. ಮಗಳು ಮಗನಂತೆ ಹಕ್ಕುದಾರಳೆಂದು ಕರ್ನಾಟಕ 1994ರಲ್ಲೇ, ಕೇಂದ್ರ 2005ರಲ್ಲಿ ಕಾನೂನು ಮಾಡಿವೆ. ಆಸ್ತಿಗಾಗಿ ಬಸವಿ ಬಿಡುವ ನೆವ ಆಗಲೇ ಸತ್ತಿತು. ಹಂಚಲು ಏನೂ ಇಲ್ಲದ ಮನೆಗೆ ಮಾತ್ರ ಆ ಕಾನೂನು ಬರಿಗೈಲಿ ಬರುತ್ತದೆ. ಅಲ್ಲಿ ಹೆಣ್ಣಿನ ಹೆಸರಿಗೆ ಒಂದೆರಡು ಎಕರೆ ಭೂಮಿ ಬೇಕು, ಮುಪ್ಪಿನ ತಾಯಿಗೆ ತಿಂಗಳ ಮೊದಲ ವಾರದಲ್ಲೇ ಮಾಸಾಶನ ಬೇಕು.

ಉಚ್ಚಂಗೆಮ್ಮನ ಮೇಲಿನ ಭಕ್ತಿಗೆ ಇದರಿಂದ ಯಾವ ಕುಂದೂ ಇಲ್ಲ. ತವೆರೆತ್ ದೇವಿಯ ಬಿಂಬ ಕಟ್ಟಿಕೊಂಡ ಗರ್ಭಿಣಿ ಹೆರಿಗೆಯ ನಂತರವೂ ಅದನ್ನು ಬೇಕೆಂದರೆ ಇಟ್ಟುಕೊಳ್ಳಬಹುದಿತ್ತು, ಬೇಡವೆಂದರೆ ತೆಗೆದಿಡಬಹುದಿತ್ತು. ಹರಪನಹಳ್ಳಿಯ ಹೆಣ್ಣುಮಗಳಿಗೂ ಅಷ್ಟು ಸ್ವಾತಂತ್ರ್ಯ ಸಾಕಿತ್ತು. ಅಂದು ಅವಳು ಕೇಳಿದ ಪ್ರಶ್ನೆಗೆ ಹೊಸ ಕಾನೂನಿನ ನಿಯಮಗಳಲ್ಲಾದರೂ ಒಂದು ಅಂಕಣವಿರಲಿ.