ಮಾತಿನ ನಕ್ಷೆ

ಅಂಕಿಗಳ ರಾಶಿಯು ಹೇಳಲಾರದುದನ್ನು ಒಂದು ಚಿತ್ರವು ಹೇಳಬಲ್ಲದು. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳು ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚಾಗಿ ಮಡಿದರೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲರ 1858ರ ಚಿತ್ರವು ಅಧಿಕಾರಿಗಳಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಿತು.

ಈಗ ಜನರ ಸಂಭಾಷಣೆಗಳಿಗೂ ಚಿತ್ರ ಬರೆಯುವ ವಿದ್ಯೆಯು ಬೆಳೆದಿರುತ್ತದೆ. 2001ರಲ್ಲಿ ದಿವಾಳಿಯೆದ್ದ ಅಮೆರಿಕದ ಎನ್ರಾನ್ ಕಂಪೆನಿಯ ಲಕ್ಷಾಂತರ ಈಮೇಲ್‌ಗಳನ್ನು 2003ರಲ್ಲಿ ಅಲ್ಲಿಯ ಸರಕಾರಿ ಆಯೋಗವು ಬಹಿರಂಗಪಡಿಸಿತು. ಪಂಡಿತರು ವ್ಯಕ್ತಿಗೊಂದು ಚುಕ್ಕೆ, ಪತ್ರವ್ಯವಹಾರಕ್ಕೊಂದು ಗೆರೆಯನ್ನಿಟ್ಟು ಅವುಗಳ ನಕ್ಷೆ ಬರೆದರು. ಒಕ್ಕಣೆಯನ್ನು ಓದದೆಯೇ ಯಾರ ಸಂಪರ್ಕ ಯಾರೊಡನೆಂಬುದು ಗೋಚರಿಸಿತು. ನೌಕರರ ಮನೆವಾರ್ತೆಯೂ ಆ ರಾಶಿಯೊಡನೆ ಬೀದಿಗೆ ಬಿದ್ದಿತು.

ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ನಮ್ಮ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತಷ್ಟೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ದೇಶದ ಭದ್ರತೆಯೇ ಮೊದಲಾದ ಕಾರಣಗಳಿಗಾಗಿ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೇ ಒಪ್ಪಿಸಿದೆ. ಭದ್ರತೆ ಬೇಡವೆನ್ನುವವರು ನಾವಲ್ಲ. ಆದರೆ ಕೇಳುವವನೂ ಕೊಡುವವನೂ ಒಬ್ಬನೇ ಆದರೆ ಪ್ರಜೆಯ ಹಕ್ಕಿಗೆ ಕಾವಲು ಯಾರು? ಪ್ರಜೆಗಳ ಒಡನಾಟದ ನಕ್ಷೆಯನ್ನು ಬರೆಯುವ ಮುನ್ನ ಸ್ವತಂತ್ರ ನ್ಯಾಯಾಧೀಶರೊಬ್ಬರ ಅಪ್ಪಣೆ ಪಡೆಯುವ ವಿಧಿಯನ್ನು ಕಾಯಿದೆಯಲ್ಲಿ ಸೇರಿಸುವುದು ಅವಶ್ಯವೆಂದು ನಮ್ಮ ಖಚಿತಾಭಿಪ್ರಾಯ.